ನಾಲ್ಕು-ಮೂರು-ಮೂರು ಮತ್ತು ಹರಿಣಾಕ್ಷಿಯ ರಾಶಿ

ಹಿಂದಿ ಕಲಿಸಲು ಬರುವವರಿಗೆ ಫುಟ್‌ಬಾಲ್ ಕಲಿಸುವುದು ಏನೂ ಕಷ್ಟವಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಆ ಕಾಲ ಒಟ್ಟು ಹನ್ನೆರಡು ದಿನ ಬಾಳಿತು. ಹದಿಮೂರನೆಯ ದಿನ ಮಧ್ಯಾಹ್ನ, ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ, ಇಡೀ ಶಾಲೆಯ ಸಮ್ಮುಖದಲ್ಲಿ ಅದು ಮುಕ್ತಾಯಗೊಂಡಿತು.

ನಮ್ಮದು ಕಡಬದಿಂದ ಒಳಗೆ, ಬಸ್ಸು ಬಂದು ತಿರುಗಿಸಿಕೊಂಡು ಹೋಗುವ ಜಾಗದ ಪ್ರೌಢಶಾಲೆ. ಅಲ್ಲಿ ಇಪ್ಪತ್ತೊಂದು ವರ್ಷದಿಂದ ನಾನು ಹಿಂದಿ ಟೀಚರು. ಈ ವರ್ಷ ಜೂನ್‌ನಲ್ಲಿ ನಮ್ಮ ದೈಹಿಕ ಶಿಕ್ಷಕರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರ ವಿಸಿಲ್ ಮಾತ್ರ ಉಳಿದಿತ್ತು. ಮುಖ್ಯೋಪಾಧ್ಯಾಯರು ಒಂದು ಬೆಳಿಗ್ಗೆ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಶಾಲೆಯ ಹಿತದೃಷ್ಟಿಯಿಂದ ಕ್ರೀಡಾ ವಿಭಾಗದ ಪ್ರಭಾರವನ್ನು ನಾನು ವಹಿಸಿಕೊಳ್ಳಬೇಕೆಂದು ವಿನಂತಿಸಿದರು. ನಾನೇ ಯಾಕೆ ಎಂದು ಕೇಳಿದೆ. ನನ್ನ ಸ್ವರ ದೊಡ್ಡದಂತೆ. ನಾನು ಎಂಟನೇ ತರಗತಿಗೆ ವ್ಯಾಕರಣ ಹೇಳುವುದು ಬಸ್ಸು ಕಾಯುವವರಿಗೂ ಕೇಳುತ್ತದಂತೆ. ಇದನ್ನು ನಾನು ಹೊಗಳಿಕೆ ಎಂದುಕೊಂಡೆ.

ಅದೇ ಸಂಜೆ ಹತ್ತನೇ ತರಗತಿಯ ಜಿನ್ಸಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಅವರದು ನೆಲ್ಯಾಡಿಯ ಕಡೆ ರಬ್ಬರ್ ತೋಟ. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬ. ದೊಡ್ಡಪ್ಪನ ಮಕ್ಕಳ ಜೊತೆ ರಬ್ಬರ್ ಮರಗಳ ಸಾಲಿನ ನಡುವೆ ಚೆಂಡು ಓಡಿಸಿ ಓಡಿಸಿ ಕಲಿತವಳು ಈಕೆ. ರಬ್ಬರ್ ಹಾಲು ತುಂಬಲು ಮರಕ್ಕೆ ಕಟ್ಟಿದ ತೆಂಗಿನ ಗೆರಟೆ ಒಂದೂ ಅಲುಗದ ಹಾಗೆ ತೋಟದ ಈ ತುದಿಯಿಂದ ಆ ತುದಿಗೆ ಚೆಂಡು ಒಯ್ಯುತ್ತಾಳೆ ಎಂದು ಮಕ್ಕಳು ಹೇಳುತ್ತಿದ್ದರು.

"ಟೀಚರೇ, ಪುತ್ತೂರಲ್ಲಿ ತಾಲೂಕು ಪಂದ್ಯಾಟ ಉಂಟು. ಜಿಲ್ಲೆಯ ತಂಡಕ್ಕೆ ಆರಿಸುವವರು ಅಲ್ಲಿಗೆ ಬರ್ತಾರೆ. ಟೀಮ್ ಇಲ್ಲದೆ ನಾನೊಬ್ಬಳೇ ಹೋಗ್ಲಿಕ್ಕೆ ಆಗುದಿಲ್ಲ" ಎಂದಳು. ತನ್ನ ಕಾಲು ನೋಡಿಕೊಂಡು, "ಇದು ನನ್ನ ಕಡೇ ವರ್ಷ. ಆಯ್ಕೆ ಆದ್ರೆ ಕ್ರೀಡಾ ಹಾಸ್ಟೆಲಿಗೆ ಕಳಿಸ್ತೇನೆ ಅಂತ ಪಪ್ಪ ಹೇಳಿದ್ದಾರೆ. ಆಗದಿದ್ರೆ ಬೂಟು ತಮ್ಮನಿಗೆ ಕೊಡ್ಬೇಕು. ಅವನ ಕಾಲಿಗೆ ಈಗ ಸರಿ ಆಗ್ತದೆ" ಎಂದಳು.

ಬೂಟಿನ ವಿಷಯ ಕೇಳಿದ ಮೇಲೆ ನಾನು ಹೆಚ್ಚು ಯೋಚಿಸಲಿಲ್ಲ. ಆಯ್ತು ಮಗಾ, ತಂಡ ಮಾಡುವ ಎಂದುಬಿಟ್ಟೆ. ಫುಟ್‌ಬಾಲಿಗೆ ಎಷ್ಟು ಜನ ಬೇಕು ಎಂದು ಆಮೇಲೆ ಕೇಳಿದೆ. ಹನ್ನೊಂದು!

ಒಬ್ಬಳು ಆಡಬೇಕಾದರೆ ಇನ್ನು ಹತ್ತು ಮಂದಿಯನ್ನು ಹುಡುಕಬೇಕು. ನಮ್ಮ ಊರು ಕಬಡ್ಡಿಯ ಊರು. ಹಗ್ಗಜಗ್ಗಾಟ, ವಾಲಿಬಾಲು ಎಂದರೆ ಜನ ಸೇರುತ್ತಾರೆ. ಚೆಂಡನ್ನು ಕಾಲಿನಿಂದ ಒದೆಯುವುದು ನಮ್ಮ ಹುಡುಗಿಯರಿಗೆ ಅಷ್ಟು ಮರ್ಯಾದೆಯ ಕೆಲಸವಾಗಿ ಕಾಣುವುದಿಲ್ಲ. ಅಂತೂ ಕಬಡ್ಡಿ ತಂಡದ ಐವರನ್ನು ಒಪ್ಪಿಸಿದೆ. ಇಬ್ಬರು ಥ್ರೋಬಾಲಿನವರು ಬಂದರು. ಯಕ್ಷಗಾನ ಕಲಿಯುತ್ತಿದ್ದವಳೊಬ್ಬಳು ಬಂದಳು. ಅವಳ ಕಾಲು ಚುರುಕು ನಿಜ, ಆದರೆ ಚೆಂಡು ಹತ್ತಿರ ಬಂದಾಗ ಒಂದು ಸುತ್ತು ತಿರುಗದೆ ಒದೆಯಲು ಅವಳಿಗೆ ಆಗುತ್ತಿರಲಿಲ್ಲ. ಅವಳ ಗೆಳತಿಯೊಬ್ಬಳು ಅವಳ ಜೊತೆಗೆಂದು ಬಂದಳು. ಹನ್ನೊಂದನೆಯವಳು ಹರಿಣಾಕ್ಷಿ.

ಹರಿಣಾಕ್ಷಿ ಒಂಬತ್ತನೇ ತರಗತಿ. ಉದ್ದ ಹುಡುಗಿ. ಹಾಜರಿ ಹೇಳುವುದು ಬಿಟ್ಟರೆ ತರಗತಿಯಲ್ಲಿ ಅವಳ ಸ್ವರ ಕೇಳಿದವರಿಲ್ಲ. ಜಿನ್ಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಡೆಗೆ ಚೆಂಡು ಒದ್ದಳು. ಒಂಬತ್ತು ಮಂದಿ ಮುಖ ಮುಚ್ಚಿಕೊಂಡರು. ಹರಿಣಾಕ್ಷಿ ಒಬ್ಬಳು ಹಿಡಿದಳು. ಹಿಡಿದು ನನ್ನ ಕಡೆ ನೋಡಿ, "ಗೋಣಿ ಇಲ್ವಾ ಟೀಚರ್?" ಎಂದು ಕೇಳಿದಳು. ಗೋಣಿ ಯಾಕೆ ಎಂದು ನಾನು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ನೀನು ಗೋಲ್ ಕೀಪರ್ ಎಂದು ಬರೆದುಕೊಂಡು ಮುಂದಕ್ಕೆ ಹೋದೆ.

ಇನ್ನು ಆಟ ಹೇಳಿಕೊಡಬೇಕು. ಅದಕ್ಕೆ ನಮ್ಮ ಮನೆಯಲ್ಲೇ ಒಬ್ಬರು ತಜ್ಞರಿದ್ದರು. ನನ್ನ ಯಜಮಾನರು ಕಡಬದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರು. ಹುಟ್ಟಿದ್ದು ಈಶ್ವರಮಂಗಲದಲ್ಲಿ. ಜೀವಮಾನದಲ್ಲಿ ಅವರು ಚೆಂಡು ಒದ್ದದ್ದನ್ನು ನಾನಂತೂ ಕಂಡಿಲ್ಲ. ಆದರೆ ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತ, ಯುರೋಪಿನ ದೊಡ್ಡ ದೊಡ್ಡ ಕೋಚುಗಳಿಗೆ ಸೋಫಾದಿಂದಲೇ ಬುದ್ಧಿ ಹೇಳುತ್ತಾರೆ.

"ಕೇರಳದ ಗಡಿಯ ಬುಡದಲ್ಲಿ ಹುಟ್ಟಿದವನಿಗೆ ಫುಟ್‌ಬಾಲ್ ಹೇಳಿಕೊಡ್ಬೇಕಾ ಮಾರಾಯ್ತಿ?" ಎಂದು ಅವರು ಅಡುಗೆಮನೆಯಿಂದ ಹಲಸಿನ ಬೀಜದ ಡಬ್ಬಿ ತಂದರು. ಊಟದ ಮೇಜಿನ ಮೇಲೆ ಹನ್ನೊಂದು ಬೀಜ ಜೋಡಿಸಿದರು. ಹಿಂದೆ ನಾಲ್ಕು, ನಡುವೆ ಮೂರು, ಮುಂದೆ ಮೂರು, ಎಲ್ಲಕ್ಕಿಂತ ಹಿಂದೆ ಒಂದು. ಇದಕ್ಕೆ ನಾಲ್ಕು-ಮೂರು-ಮೂರು ಎಂದು ಹೆಸರು. ಜಗತ್ತಿನ ಉತ್ತಮ ತಂಡಗಳೆಲ್ಲ ಹೀಗೇ ಆಡುವುದು. ಮುಖ್ಯ ಸಂಗತಿ ಎಂದರೆ ಆಕಾರ ಕೆಡಬಾರದು. ಯಾರೂ ತಮ್ಮ ಜಾಗ ಬಿಟ್ಟು ಓಡಬಾರದು. ಹೀಗೆ ಮುಕ್ಕಾಲು ಗಂಟೆ ಉಪನ್ಯಾಸವಾಯಿತು. ನಾನು ನೋಟ್ಸ್ ಬರೆದುಕೊಂಡೆ. ಹನ್ನೊಂದು ಬೀಜಗಳೂ ಹೇಳಿದಲ್ಲಿ ಕೂತವು, ಒಂದೂ ಎದುರು ಮಾತಾಡಲಿಲ್ಲ. ಮಕ್ಕಳೂ ಹಾಗೆಯೇ ಇರುತ್ತಾರೆ ಎಂಬ ಭರವಸೆಯಲ್ಲಿ ಎದ್ದು, ಇಡೀ ತಂಡವನ್ನು ಸಾಂಬಾರಿಗೆ ಹಾಕಿದೆ.

ಮಾರನೆಯ ದಿನ ಮೈದಾನದಲ್ಲಿ ಸುಣ್ಣದ ಹುಡಿಯಲ್ಲಿ ಹತ್ತು ಚೌಕ ಬರೆದೆ. ಪ್ರತಿಯೊಬ್ಬಳಿಗೂ ಒಂದು ಚೌಕ. ಹಿಂದಿಯ ವಿಭಕ್ತಿ ಪ್ರತ್ಯಯಗಳನ್ನು ಕೋಷ್ಟಕದಲ್ಲಿ ತುಂಬಿಸಿ ತುಂಬಿಸಿ ನನ್ನ ಕೈ ಪಳಗಿದೆ. ಮಳೆ ಬಂದು ಚೌಕಗಳು ತೊಳೆದು ಹೋದರೆ ಪುನಃ ಬರೆಯುತ್ತಿದ್ದೆ. ಮೊದಲು ಆಕಾರ ಗಟ್ಟಿಯಾಗಲಿ ಎಂದು ಚೆಂಡನ್ನು ಗೋಲಿಗೆ ಒದೆಯಲು ಯಾರನ್ನೂ ಬಿಡಲಿಲ್ಲ. ಜಾಗ ಬಿಡಬೇಡಿ, ಜಾಗ ಬಿಡಬೇಡಿ ಎಂದು ದಿನಕ್ಕೆ ಒಂದೂವರೆ ಗಂಟೆ ಕೂಗಿದೆ. ನಮ್ಮ ಮಕ್ಕಳು ವಿಧೇಯರು. ಬಿಡಲಿಲ್ಲ. ಹನ್ನೆರಡು ದಿನದಲ್ಲಿ ಮೈದಾನದ ಮೇಲೆ ನಾಲ್ಕು-ಮೂರು-ಮೂರು ಹೇಗೆ ಮೂಡಿತೆಂದರೆ, ನಮ್ಮ ಯಜಮಾನರು ಫೋಟೋ ನೋಡಿ ಕಣ್ಣು ಒದ್ದೆ ಮಾಡಿಕೊಂಡರು.

ಇಷ್ಟಾದ ಮೇಲೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಸುಳ್ಯದ ಕಡೆಯ ಒಂದು ಶಾಲೆಯ ತಂಡವನ್ನು ಅಭ್ಯಾಸ ಪಂದ್ಯಕ್ಕೆ ಆಹ್ವಾನಿಸಿದೆ. ಅವರ ಪಿ.ಟಿ. ಮಾಸ್ಟ್ರು ನನ್ನ ತವರು ಮರ್ಕಂಜದವರು, ಪರಿಚಯದವರು. ರೆಫರಿ ಕೂಡ ಅವರೇ. ತವರಿನವರ ಮುಂದೆ ನನ್ನ ಸಾಧನೆ ಪ್ರದರ್ಶಿಸುವ ಆಸೆಯೂ ಒಳಗೊಳಗೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಇಡೀ ಶಾಲೆಗೆ ಪಂದ್ಯ ನೋಡಲು ಒಂದು ಪಿರಿಯಡ್ ಬಿಡುವು ಕೊಡಿಸಿದೆ!

ಪಂದ್ಯ ಶುರುವಾಯಿತು. ಎದುರಿನವರು ಚೆಂಡನ್ನು ನಮ್ಮ ಮೊದಲ ಚೌಕದ ಪಕ್ಕದಿಂದ ತಂದರು. ಚೌಕದಲ್ಲಿದ್ದವಳು ಅದನ್ನು ಗೌರವದಿಂದ ನೋಡಿ ಬಿಟ್ಟುಕೊಟ್ಟಳು. ಎರಡನೆಯ ಚೌಕ, ಮೂರನೆಯ ಚೌಕ, ಎಲ್ಲ ಕಡೆಯೂ ಅದೇ ಗೌರವ. ಮಧ್ಯದಲ್ಲಿ ಜಿನ್ಸಿ ಒಬ್ಬಳು ಓಡಲು ಹೊರಟಳು. ಜಾಗ, ಜಿನ್ಸಿ, ಜಾಗ ಎಂದು ನಾನು ಕೂಗಿದೆ. ಅವಳು ನನ್ನನ್ನು ಒಮ್ಮೆ ನೋಡಿ ನಿಂತಳು. ಈಗಲೂ ಅವಳ ಆ ನೋಟ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಎದುರಿನ ಹುಡುಗಿ ದೂರದಿಂದಲೇ ಬಾರಿಸಿದಳು. ಚೆಂಡು ಗೋಲಿನ ಮೇಲಿನ ಮೂಲೆಗೆ ಹೋಗುತ್ತಿತ್ತು. ಹರಿಣಾಕ್ಷಿ ಎರಡು ಹೆಜ್ಜೆ ಸರಿದಳು, ಮೊಣಕಾಲು ತುಸು ಬಗ್ಗಿಸಿದಳು, ಎರಡೂ ಕೈ ಮೇಲೆತ್ತಿ ಚೆಂಡಿಗೆ ನೋವಾಗದಷ್ಟು ಮೆತ್ತಗೆ ಹಿಡಿದಳು. ಅಷ್ಟು ಚಂದದ ಹಿಡಿತವನ್ನು ನಾನು ಮೊಬೈಲಿನಲ್ಲೂ ಕಂಡಿರಲಿಲ್ಲ. ಇಡೀ ಶಾಲೆ ಚಪ್ಪಾಳೆ ಹೊಡೆಯಿತು. ಹರಿಣಾಕ್ಷಿ ಚೆಂಡು ಹಿಡಿದುಕೊಂಡು ಹಿಂದೆ ತಿರುಗಿದಳು. ನಾಲ್ಕು ಹೆಜ್ಜೆ ನಡೆದಳು. ಬಲೆಯ ಒಳಗೆ, ಎಡಮೂಲೆಯಲ್ಲಿ, ಅದನ್ನು ಜೋಪಾನವಾಗಿ ನೆಲಕ್ಕಿಟ್ಟಳು. ಕೈ ಒರೆಸಿಕೊಂಡು ಬಂದು ಪುನಃ ತನ್ನ ಜಾಗದಲ್ಲಿ ನಿಂತು ಮೇಲೆ ನೋಡತೊಡಗಿದಳು.

ಗೋಲ್! ಕೊಟ್ಟವರು ನಾವೇ.

ಪಿ.ಟಿ. ಮಾಸ್ಟ್ರು ವಿಸಿಲ್ ಊದಲು ಮರೆತು ನನ್ನ ಮುಖ ನೋಡಿದರು. ಇನ್ನೆರಡು ಸಲ ಹಾಗೆಯೇ ಆಯಿತು. ಮೂರು ಚೆಂಡು ಹಿಡಿದಳು, ಮೂರನ್ನೂ ಒಳಗೆ ಒಯ್ದಿಟ್ಟಳು. ಉಳಿದ ಆರು ಗೋಲುಗಳನ್ನು ಎದುರಿನವರು ತಮ್ಮ ಸ್ವಂತ ಪರಿಶ್ರಮದಿಂದ ಹೊಡೆದರು. ಕಡೆಯ ಹತ್ತು ನಿಮಿಷದಲ್ಲಿ ನಮ್ಮ ಕಬಡ್ಡಿಯವರಿಗೆ ಸಹನೆ ಮುಗಿಯಿತು. ಚೌಕ ಬಿಟ್ಟು ಬಂದು, ಚೆಂಡು ತರುತ್ತಿದ್ದ ಹುಡುಗಿಯನ್ನು ನಾಲ್ಕು ಮಂದಿ ಸುತ್ತುವರಿದು, ಒಬ್ಬಳು ಸೊಂಟ, ಇಬ್ಬರು ಕಾಲು ಹಿಡಿದು ನೆಲಕ್ಕೆ ಹಾಕಿ, ಪಾಯಿಂಟ್ ಕೊಡುತ್ತಾರೆಂದು ರೆಫರಿಯ ಕಡೆ ನೋಡಿದರು. ಪಂದ್ಯ ಮುಗಿದ ಮೇಲೆ ಮಾಸ್ಟ್ರು ಹತ್ತಿರ ಬಂದು, ಇದು ಯಾವ ಪದ್ಧತಿ ಎಂದು ಬಹಳ ಮೆತ್ತಗೆ ಕೇಳಿದರು. ನಾಲ್ಕು-ಮೂರು-ಮೂರು ಎಂದೆ. ಅವರು ತಲೆ ಅಲ್ಲಾಡಿಸಿ, ತಮ್ಮ ಮಕ್ಕಳನ್ನು ಬೇಗ ಬೇಗ ವ್ಯಾನಿಗೆ ಹತ್ತಿಸಿದರು.

ನಾನು ಹರಿಣಾಕ್ಷಿಯನ್ನು ಕರೆದು, ಹಿಡಿದ ಚೆಂಡನ್ನು ಹಿಂದೆ ಯಾಕೆ ಇಟ್ಟೆ ಎಂದು ಗದರಿಸಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಮತ್ತೆ ರಾಶಿ ಎಲ್ಲಿ ಹಾಕುದು ಟೀಚರ್?" ಎಂದಳು.

ಆಗ ಗೋಣಿಯ ಗುಟ್ಟು ತಿಳಿಯಿತು. ಹರಿಣಾಕ್ಷಿಯ ಅಪ್ಪ ಅಡಿಕೆ ಕೊಯ್ಯುವವರು. ಕೊಯ್ಲಿನ ಕಾಲದಲ್ಲಿ ಭಾನುವಾರಗಳಂದು ಅಪ್ಪ ಉದ್ದದ ದೋಟಿಯಿಂದ ಗೊನೆ ಕೀಳುತ್ತಾರೆ, ಕೆಳಗೆ ಗೋಣಿ ಹಿಡಿದು ನಿಂತು ಹಿಡಿಯುವುದು ಮಗಳು. ಗೊನೆ ನೆಲಕ್ಕೆ ಬಿದ್ದರೆ ಅಡಿಕೆ ಉದುರಿ ಚೆಲ್ಲಾಪಿಲ್ಲಿ. ಹಾಗಾಗಿ ಹಿಡಿಯಬೇಕು, ತಿರುಗಬೇಕು, ಹಿಂದಿನ ರಾಶಿಗೆ ಮೆತ್ತಗೆ ಇಡಬೇಕು, ಪುನಃ ಬಂದು ಮೇಲೆ ನೋಡಬೇಕು. ಅವಳು ಆರನೇ ತರಗತಿಯಿಂದ ಮಾಡಿಕೊಂಡು ಬಂದ ಕೆಲಸ. ನನ್ನ ಹನ್ನೆರಡು ದಿನದ ಚೌಕಗಳು ಅದರ ಮುಂದೆ ಎಲ್ಲಿ ನಿಲ್ಲಬೇಕು? ಆದರೆ ಆ ಹೊತ್ತಿಗೆ ನನಗೆ ಇದೆಲ್ಲ ಹೊಳೆಯಲಿಲ್ಲ. ಕೋಪ ಮಾತ್ರ ಬಂತು.

ಸಂಜೆ ಮನೆಗೆ ಬಂದವಳೇ ಪತ್ರ ಬರೆಯಲು ಕೂತೆ. ಮಾನ್ಯರೇ, ಅನಿವಾರ್ಯ ಕಾರಣಗಳಿಂದ ನಮ್ಮ ಶಾಲೆಯ ಬಾಲಕಿಯರ ತಂಡವು ಪಂದ್ಯಾಟದಲ್ಲಿ ಭಾಗವಹಿಸಲು ಅಸಾಧ್ಯವಾಗಿರುವುದನ್ನು ವಿಷಾದಪೂರ್ವಕ ತಿಳಿಯಪಡಿಸುತ್ತೇನೆ. ಯಜಮಾನರು ಚಹಾ ಕುಡಿಯುತ್ತ ಸಮಾಧಾನ ಹೇಳಿದರು.

"ಪ್ಲಾನಿನಲ್ಲಿ ಎಂತದೂ ತಪ್ಪಿಲ್ಲ. ಮಕ್ಕಳೇ ಸರಿ ಇಲ್ಲ."

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲೂ ಅದೇ ಮಾತು ಇತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೇ ಅದು ಎಷ್ಟು ಕೆಟ್ಟ ಮಾತು ಎಂದು ಗೊತ್ತಾದದ್ದು. ಹನ್ನೊಂದು ಮಕ್ಕಳು ಮಳೆಯಲ್ಲಿ ನೆನೆದು, ನಾನು ನಿಲ್ಲು ಎಂದಲ್ಲಿ ನಿಂತಿದ್ದರು. ಜಿನ್ಸಿ ಓಡಬಾರದು ಎಂದಾಗ ಓಡಲಿಲ್ಲ. ಸರಿ ಇಲ್ಲದಿದ್ದದ್ದು ಯಾರು? ಯಜಮಾನರ ಮೇಲೆ ರೇಗಿದೆ. ಈಶ್ವರಮಂಗಲದಲ್ಲಿ ಹುಟ್ಟಿದವರೆಲ್ಲ ಫುಟ್‌ಬಾಲ್ ತಜ್ಞರಾಗುವುದಾದರೆ ಮರ್ಕಂಜದಲ್ಲಿ ಹುಟ್ಟಿದ ನಾನು ಹಿಂದಿ ಟೀಚರಲ್ಲದೆ ಇನ್ನೇನೇನೋ ಆಗಬೇಕಿತ್ತು ಎಂದೆ. ಅವರು ಚಹಾ ಎತ್ತಿಕೊಂಡು ಹೊರಗೆ ಹೋದರು. ಆದರೂ ಪತ್ರವನ್ನು ಹರಿಯಲಿಲ್ಲ, ಬ್ಯಾಗಿಗೆ ಹಾಕಿಕೊಂಡೆ. ನಾನು ಅಷ್ಟು ಬೇಗ ಸುಧಾರಿಸುವವಳಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಇಳಿದು ನೋಡಿದರೆ, ಪ್ರಾರ್ಥನೆಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಮೈದಾನದಲ್ಲಿ ಹುಡುಗಿಯರಿದ್ದರು. ಹರಿಣಾಕ್ಷಿ ಗೋಲಿನಲ್ಲಿ. ಜಿನ್ಸಿ ದೂರದಲ್ಲಿ, ಎಡಬದಿಯ ಗೆರೆಯ ಹತ್ತಿರ ನಿಂತು ಕೈ ಎತ್ತಿದ್ದಳು.

"ಹರಿಣಾಕ್ಷಿ, ರಾಶಿ ಇಲ್ಲಿ. ನಾನು ಎಲ್ಲಿ ಇದ್ದೇನೆ, ರಾಶಿ ಅಲ್ಲಿ" ಎಂದಳು.

ಕಬಡ್ಡಿಯವಳೊಬ್ಬಳು ಚೆಂಡು ಒದ್ದಳು. ಹರಿಣಾಕ್ಷಿ ಹಿಡಿದಳು. ಹಿಂದೆ ತಿರುಗಲು ಹೊರಟವಳು ತಡೆದು, ಎದುರು ನೋಡಿ, ಒಂದೇ ಬೀಸಿಗೆ ಎಸೆದಳು. ಗೊನೆ ಹಿಡಿದು ಬಲಿತ ಕೈ. ಚೆಂಡು ಅರ್ಧ ಮೈದಾನ ದಾಟಿ ಜಿನ್ಸಿಯ ಕಾಲಿನ ಬುಡದಲ್ಲಿ ಹೋಗಿ ಬಿತ್ತು. ಜಿನ್ಸಿ ಅದನ್ನು ತೆಗೆದುಕೊಂಡು ರಬ್ಬರ್ ಮರಗಳ ನಡುವೆ ಓಡುವವಳ ಹಾಗೆ ಓಡಿದಳು.

ನಾನು ಗೇಟಿನ ಹತ್ತಿರ ಛತ್ರಿ ಹಿಡಿದು ಅಷ್ಟು ಹೊತ್ತು ನಿಂತಿದ್ದೆ. ನಾನು ಉತ್ತರ ಕೊಡದೆ ಗದರಿಸಿದ ಪ್ರಶ್ನೆಗೆ ಹದಿನೈದು ವರ್ಷದ ಹುಡುಗಿ ಉತ್ತರ ಕೊಟ್ಟುಬಿಟ್ಟಿದ್ದಳು. ಪತ್ರವನ್ನು ಹರಿದೆ. ಆಮೇಲೆ ಉಳಿದ ದಿನಗಳಲ್ಲಿ ಯಾರಿಗೆ ಏನು ಬರುತ್ತದೆ ಎಂದು ಮೊದಲು ಕೇಳಿದೆ, ಆಮೇಲೆ ಹೇಳಿದೆ. ಕಬಡ್ಡಿಯವರಿಗೆ ಎದುರಾಳಿಯನ್ನು ಸುತ್ತುವರಿಯುವುದು ಬರುತ್ತದೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಹಾಗಾದರೆ ಸುತ್ತುವರಿಯಿರಿ, ಆದರೆ ಎರಡೂ ಕೈಯಲ್ಲಿ ನಿಮ್ಮ ನಿಮ್ಮ ಜೆರ್ಸಿಯ ಹಿಂದಿನ ಅಂಚನ್ನು ಹಿಡಿದುಕೊಂಡಿರಿ ಎಂದೆ. ಇದೊಂದು ನನ್ನ ಸ್ವಂತ ಸಂಶೋಧನೆ. ಯಕ್ಷಗಾನದವಳು ಒಂದು ಸುತ್ತು ತಿರುಗುವುದಾದರೆ ತಿರುಗಲಿ, ಎದುರಿನವರು ಅದನ್ನು ನೋಡುತ್ತ ನಿಂತಿರುವಾಗ ಒದೆಯಲಿ. ಥ್ರೋಬಾಲಿನ ಇಬ್ಬರು ಗೆರೆಯಿಂದ ಚೆಂಡು ಎಸೆಯುವಾಗಲೂ ರಾಶಿಗೇ ಎಸೆಯಲಿ. ಗೆಳತಿಗೆಂದು ಬಂದವಳು ಗೆಳತಿಯ ಜೊತೆಗೇ ಓಡಲಿ. ನೋಡಲು ಇದು ಫುಟ್‌ಬಾಲಿನ ಹಾಗೆ ಇರಲಿಲ್ಲ. ಆದರೆ ಚೆಂಡು ಮುಂದಕ್ಕೆ ಹೋಗುತ್ತಿತ್ತು.

ಪುತ್ತೂರಿನ ಪಂದ್ಯಾಟದ ದಿನ ಜೀಪಿನಲ್ಲಿ ಎಲ್ಲರೂ ಒತ್ತಾಗಿ ಕೂತು ಹೋದೆವು. ಸೋತರೆ ಅಲ್ಲಿಗೇ ಮುಗಿಯಿತು, ಇನ್ನೊಂದು ಪಂದ್ಯ ಇಲ್ಲ. ಜಿನ್ಸಿಯ ಹಣೆಬರಹ ಎಲ್ಲ ಒಂದೇ ಪಂದ್ಯದಲ್ಲಿ. ಮೈದಾನದ ಬದಿಯಲ್ಲಿ ಶಾಮಿಯಾನ ಹಾಕಿ ಮೂರು ಮಂದಿ ಆಯ್ಕೆಗಾರರು ಪುಸ್ತಕ ಹಿಡಿದು ಕೂತಿದ್ದರು. ನಮ್ಮ ಯಜಮಾನರು ಅರ್ಧ ದಿನ ರಜೆ ಹಾಕಿ ಬಂದು ಬೇಲಿಯ ಆಚೆ ನಿಂತಿದ್ದರು. ನನ್ನ ಬೈಗುಳದ ನಂತರ ಅವರು ಫುಟ್‌ಬಾಲಿನ ಬಗ್ಗೆ ಒಂದು ಅಕ್ಷರ ಮಾತಾಡಿರಲಿಲ್ಲ.

ಮೊದಲ ಅರ್ಧ ಚೆನ್ನಾಗಿಯೇ ಹೋಯಿತು. ಹರಿಣಾಕ್ಷಿ ಹಿಡಿದು ಎಸೆದಳು, ಕಬಡ್ಡಿಯವರು ಜೆರ್ಸಿಯ ಅಂಚು ಹಿಡಿದುಕೊಂಡು ಎದುರಿನವರನ್ನು ಮೂಲೆಗೆ ಅಟ್ಟಿದರು, ಜಿನ್ಸಿ ಒಂದು ಗೋಲು ಹೊಡೆದಳು. ಆಗಲೇ ನನ್ನ ಕಣ್ಣು ಶಾಮಿಯಾನದ ಕಡೆಗೆ ಹೋಯಿತು. ಹೋಗಬಾರದಿತ್ತು. ಒಬ್ಬ ಆಯ್ಕೆಗಾರರು ನಮ್ಮ ಕಬಡ್ಡಿಯವರ ಹಿಂದೆ ಕಟ್ಟಿದ ಕೈಗಳನ್ನು ಪಕ್ಕದವರಿಗೆ ತೋರಿಸಿ ನಗುತ್ತಿದ್ದರು. ಸುತ್ತ ಸೇರಿದ್ದ ಜನರೂ ನಕ್ಕರು. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಇಷ್ಟು ದೊಡ್ಡವರ ಎದುರು ನಮ್ಮ ಮಕ್ಕಳು ಹೀಗೆ ಹಳ್ಳಿ ಆಟ ಆಡಿದರೆ ಜಿನ್ಸಿಯನ್ನು ಯಾರು ಆರಿಸುತ್ತಾರೆ? ಆಟ ಫುಟ್‌ಬಾಲಿನ ಹಾಗೆ ಕಾಣಬೇಡವೇ?

ವಿರಾಮದಲ್ಲಿ ಎಲ್ಲರನ್ನೂ ಸೇರಿಸಿ ಗಂಭೀರವಾಗಿ ಹೇಳಿದೆ, ಇನ್ನು ಮೇಲೆ ನಾಲ್ಕು-ಮೂರು-ಮೂರು. ಜಿನ್ಸಿ ಬೂಟಿನ ಲೇಸನ್ನು ಬಿಚ್ಚಿ ಪುನಃ ಕಟ್ಟಿಕೊಂಡಳು. ಇದೆಲ್ಲ ಅವಳಿಗಾಗಿಯೇ ಎಂದು ನಾನು ನನಗೆ ಹೇಳಿಕೊಂಡೆ. ಅವಳಿಗಾಗಿ ಎಷ್ಟು, ನನ್ನ ಮರ್ಯಾದೆಗಾಗಿ ಎಷ್ಟು ಎಂದು ಆಗ ಯಾರಾದರೂ ಕೇಳಿದ್ದರೆ ನಾನು ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

ವಿಧೇಯ ಮಕ್ಕಳು ತಮ್ಮ ತಮ್ಮ ಜಾಗದಲ್ಲಿ ನಿಂತರು. ಐದು ನಿಮಿಷಕ್ಕೆ ಎದುರಿನವರ ಒಂದು ಗೋಲು ಆಯಿತು. ಹನ್ನೆರಡು ನಿಮಿಷಕ್ಕೆ ಇನ್ನೊಂದು. ಚೆಂಡನ್ನು ಹತ್ತಿರದವಳಿಗೆ ಸಣ್ಣಗೆ ಉರುಳಿಸು ಎಂದು ನಾನು ಕೂಗಿದಾಗ ಹರಿಣಾಕ್ಷಿ ಉರುಳಿಸಿದಳು, ಅದು ಎದುರಿನವಳ ಕಾಲಿಗೇ ಸಿಕ್ಕಿತು. ಜಿನ್ಸಿಗೆ ಒಂದು ಚೆಂಡೂ ಮುಟ್ಟಲಿಲ್ಲ. ನೋಡುತ್ತಿದ್ದ ಹಾಗೆ ಆ ನಗುತ್ತಿದ್ದ ಆಯ್ಕೆಗಾರರು ಪುಸ್ತಕ ಮಡಚಿ ಚಹಾದ ಟೇಬಲ್ಲಿನ ಕಡೆ ಎದ್ದು ಹೋದರು. ಉಳಿದಿಬ್ಬರು ಏನೋ ಮಾತಾಡಿಕೊಂಡಿದ್ದರು. ಯಾರೂ ಮೈದಾನ ನೋಡುತ್ತಿರಲಿಲ್ಲ. ಗಾಬರಿಯಾದಾಗ ಮನುಷ್ಯ ತನಗೆ ಗೊತ್ತಿರುವುದನ್ನೇ ಮಾಡುತ್ತಾನೆ. ನಾನು ಇನ್ನೂ ಜೋರಾಗಿ ಕೂಗಿದೆ.

ಆಗ ಚೆಂಡು ಬೇಲಿಯಾಚೆ ಹೋಯಿತು. ಅದನ್ನು ತರುವಷ್ಟರಲ್ಲಿ ಹರಿಣಾಕ್ಷಿ ಗೋಲು ಬಿಟ್ಟು ನನ್ನ ಕಡೆಗೆ ನಡೆದು ಬಂದಳು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ನನ್ನ ಹತ್ತಿರ ಬಂದು, ಕೈ ಕಟ್ಟಿಕೊಂಡು ನಿಂತು, ಬಹಳ ಮರ್ಯಾದೆಯಿಂದ ಕೇಳಿದಳು.

"ಟೀಚರ್, ನೀವು ಸ್ವಲ್ಪ ಕೂತ್ಕೊಳ್ತೀರಾ? ನೀವು ನಿಂತಿದ್ರೆ ನಿಮ್ಮ ಮಾತು ಕೇಳ್ಬೇಕಾಗ್ತದೆ."

ನೀರಿನ ಕ್ಯಾನು ಅಲ್ಲೇ ಇತ್ತು. ಅದರ ಮೇಲೆ ಕೂತೆ. ವಿಸಿಲನ್ನು ಕೊರಳಿಂದ ತೆಗೆದು ಬ್ಯಾಗಿಗೆ ಹಾಕಿದೆ. ಹರಿಣಾಕ್ಷಿ ತಲೆಯಾಡಿಸಿ ಗೋಲಿಗೆ ವಾಪಸು ಓಡಿದಳು. ಓಡುವಾಗ ಕಬಡ್ಡಿಯವರಿಗೆ ತುಳುವಿನಲ್ಲಿ ಏನೋ ಹೇಳಿದಳು. ಐದೂ ಮಂದಿಯ ಕೈ ಒಮ್ಮೆಲೇ ಜೆರ್ಸಿಯ ಹಿಂದಕ್ಕೆ ಹೋಯಿತು.

ಆಮೇಲಿನದ್ದನ್ನು ನಾನು ಕ್ಯಾನಿನ ಮೇಲೆ ಕೂತು ನೋಡಿದೆ. ಎದುರಿನವರ ಹೊಡೆತವೊಂದು ಬಂತು. ಹರಿಣಾಕ್ಷಿ ಎಡಕ್ಕೆ ಹಾರಿ ಹಿಡಿದಳು, ಎದ್ದವಳೇ ರಾಶಿಗೆ ಎಸೆದಳು. ಜಿನ್ಸಿ ಮೂರು ಮಂದಿಯನ್ನು ದಾಟಿ ಓಡಿದಳು. ಒಬ್ಬಳ ಮೈಗೂ ತಾಗಲಿಲ್ಲ. ಚೆಂಡು ಬಲೆಗೆ ಹೋಗುವ ಮೊದಲೇ ಶಾಮಿಯಾನದಲ್ಲಿ ಕುರ್ಚಿ ಎಳೆದ ಶಬ್ದ ಕೇಳಿತು. ಚಹಾಕ್ಕೆ ಹೋದವರು ಲೋಟ ಹಿಡಿದುಕೊಂಡೇ ಗೆರೆಯ ಹತ್ತಿರಕ್ಕೆ ಬಂದಿದ್ದರು. ಅವರ ಮುಖದಲ್ಲಿ ನಗು ಇರಲಿಲ್ಲ. ಆಮೇಲೆ ಅವರು ಕೂರಲಿಲ್ಲ. ನಾನು ಏಳಲಿಲ್ಲ.

ಎರಡು-ಎರಡು ಆಗಿತ್ತು. ಗೆದ್ದೆವು ಎಂದು ಬರೆಯಲು ನನಗೂ ಆಸೆ ಇದೆ. ಕೊನೆಯ ನಿಮಿಷದಲ್ಲಿ ಎದುರಿನವರು ಒಂದು ಗೋಲು ಹೊಡೆದರು, ಒಳ್ಳೆಯ ಗೋಲು, ಅದನ್ನು ದೇವರು ಬಂದರೂ ಹಿಡಿಯಲಾಗುತ್ತಿರಲಿಲ್ಲ. ಸೋತೆವು. ಮಕ್ಕಳು ಅಳಲಿಲ್ಲ. ಅಳುತ್ತಿದ್ದವಳು ನಾನೊಬ್ಬಳೇ. ಯಜಮಾನರು ಬೇಲಿ ಹಾರಿ ಬಂದು ಕರ್ಚೀಫು ಕೊಟ್ಟರು.

ಸಂಜೆ ಹೆಸರು ಓದಿದರು. ಜಿನ್ಸಿಯ ಹೆಸರು ಎರಡನೆಯದು. ಅವಳು ಎದ್ದು ನಿಂತು, ನಂಬಿಕೆ ಬಾರದೆ ಪುನಃ ಕೂತಳು. ಎಂಟನೆಯ ಹೆಸರು ಹರಿಣಾಕ್ಷಿಯದು. ಅವಳು ಹಾಜರಿ ಕರೆದ ಹಾಗೆ "ಬಂದಿದ್ದೇನೆ ಸರ್" ಎಂದುಬಿಟ್ಟಳು. ಇಡೀ ಮೈದಾನ ನಕ್ಕಿತು. ಈ ಸಲ ನನಗೆ ನಾಚಿಕೆಯಾಗಲಿಲ್ಲ.

ನಾನು ಈ ಮಕ್ಕಳಿಗೆ ಋಣಿ. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ. ಜಿನ್ಸಿಗಾಗಿ ಆಡಲು ಉಳಿದ ಒಂಬತ್ತು ಮಂದಿಗೆ ಯಾವ ಲಾಭವೂ ಇರಲಿಲ್ಲ. ತಮಗೆ ಬಾರದ ಆಟವನ್ನು, ತಮ್ಮ ತಮ್ಮ ಕೈಯನ್ನೇ ಹಿಂದೆ ಕಟ್ಟಿಕೊಂಡು, ಇನ್ನೊಬ್ಬಳ ಬೂಟು ಅವಳ ಕಾಲಲ್ಲೇ ಉಳಿಯಲಿ ಎಂದು ಆಡಿದರು. ಅಂಥವರಿಗೆ ನಾನು ಚೌಕ ಬರೆದು ಕೊಟ್ಟಿದ್ದೆ. ಅವರು ನನ್ನನ್ನು ಕ್ಷಮಿಸಿದ್ದು ಮಾತ್ರವಲ್ಲ, ಕ್ಷಮಿಸಿದ್ದೇವೆ ಎಂದು ತೋರಿಸಿಕೊಳ್ಳಲೂ ಇಲ್ಲ.

ಜೀಪು ಹತ್ತುವಾಗ ಆ ಚಹಾದ ಆಯ್ಕೆಗಾರರು ನಮ್ಮನ್ನು ಹುಡುಕಿಕೊಂಡು ಬಂದರು. ತಂಡದ ತರಬೇತುದಾರರು ಯಾರು ಎಂದು ಕೇಳಿದರು. ಹನ್ನೊಂದು ಮಕ್ಕಳೂ ಸೇರಿ ನನ್ನನ್ನು ಮುಂದಕ್ಕೆ ದೂಡಿದರು. ಅವರು ಪುಸ್ತಕ ಬಿಚ್ಚಿ, ಪೆನ್ನು ತೆಗೆದು, ಎರಡನೆಯ ಅರ್ಧದ ನಡುವೆ ಆಟ ಇದ್ದಕ್ಕಿದ್ದ ಹಾಗೆ ಬದಲಾಯಿತಲ್ಲ, ಆಗ ನೀವು ಯಾವ ತಂತ್ರ ಮಾಡಿದಿರಿ ಎಂದು ವಿಚಾರಿಸಿದರು. ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ನನ್ನ ಮಾತನ್ನು ಯಾರಾದರೂ ಬರೆದುಕೊಳ್ಳಲು ನಿಂತದ್ದು ಅದೇ ಮೊದಲು. ದೊಡ್ಡ ದೊಡ್ಡ ಶಬ್ದಗಳು ನಾಲಿಗೆಯ ತುದಿಗೆ ಬಂದವು. ಹಿಂದೆ ಹರಿಣಾಕ್ಷಿ ನಿಂತಿದ್ದಳು.

"ನಾನು ಕೂತೆ ಸರ್" ಎಂದೆ.

ಅವರು ಅದನ್ನು ಬರೆದುಕೊಂಡರು.